ಹಿತ್ತಾಳೆಯ ಕೊಡೆ ಸ್ಟ್ಯಾಂಡು ಮತ್ತು ಒಳಗೆ ಕೂತ ಸ್ಟ್ರೆಸ್ಸು

ಇಟಲಿಯ ಹಳೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಮುಂಬಾಗಿಲು ತೆರೆದ ಕೂಡಲೇ ಸಾಮಾನ್ಯವಾಗಿ ಹಾಲ್ ಸಿಗುವುದಿಲ್ಲ. ನಡುವೆ ಒಂದು ಸಣ್ಣ ಜಾಗ ಇರುತ್ತದೆ. ಅದನ್ನು ಅವರು ‘ಇಂಗ್ರೆಸ್ಸೊ’ ಅಂತಾರೆ. ಕೋಟು ನೇತುಹಾಕೋಕೆ ಗೂಟಗಳು, ಒಂದು ಕನ್ನಡಿ, ಬೀಗದ ಕೈ ಇಡೋಕೆ ಗೋಡೆಗೆ ಹೊಡೆದ ಸಣ್ಣ ಹಲಗೆ, ಮೂಲೆಯಲ್ಲಿ ಒಂದು ಕೊಡೆ ಸ್ಟ್ಯಾಂಡು. ಕೊಡೆ ಸ್ಟ್ಯಾಂಡಿಗೆ ಅವರ ಹೆಸರು ‘ಪೊರ್ಟಾಓಂಬ್ರೆಲ್ಲಿ’, ಅಂದರೆ ಕೊಡೆಗಳನ್ನು ಹೊರುವಂಥದ್ದು. ಮಳೆಯಲ್ಲಿ ನೆನೆದು ಬಂದವರು ತೊಟ್ಟಿಕ್ಕುವ ಕೊಡೆಯನ್ನು ಅದರೊಳಗೆ ಇಳಿಬಿಟ್ಟು ಒಳಗೆ ಹೋಗ್ತಾರೆ. ನೀರು ಕೆಳಗಿನ ತಟ್ಟೆಗೆ ಇಳಿಯುತ್ತದೆ, ನೆಲದ ಮೇಲೆ ಬಿದ್ದು ಯಾರೂ ಜಾರುವುದಿಲ್ಲ. ಅದರ ಕೆಲಸ ಇಷ್ಟೇ.

1950ರ ದಶಕದಲ್ಲಿ ಇಂಥವನ್ನು ಹಿತ್ತಾಳೆಯಲ್ಲಿ ಮಾಡುತ್ತಿದ್ದರು. ಇವತ್ತು ಅವು ‘ವಿಂಟೇಜ್’ ಆಗಿ ಒಳ್ಳೆ ಬೆಲೆಗೆ ಮಾರಾಟವಾಗುತ್ತವೆ. ನಮಗೆ ಅದರ ಬೆಲೆಗಿಂತ ಆಸಕ್ತಿ ಹುಟ್ಟಿಸಿದ್ದು ಬೇರೆ. ಈ ಒಂದು ಸಾಮಾನಿನಲ್ಲಿ ನಮ್ಮ ಸ್ಟ್ಯಾಟಿಕ್ಸ್, ಮ್ಯಾನುಫ್ಯಾಕ್ಚರಿಂಗ್, ಮೆಟೀರಿಯಲ್ ಸೈನ್ಸ್ ಮೂರೂ ಪೇಪರ್ ಒಟ್ಟಿಗೆ ಕೂತಿವೆ. ಜೊತೆಗೆ ಒಂದು ಅಪಾಯವೂ ಕೂತಿದೆ. ಎಪ್ಪತ್ತು ವರ್ಷ ಏನೂ ಆಗದೆ ನಿಂತಿದ್ದ ಹಿತ್ತಾಳೆ, ಪ್ರೀತಿಯಿಂದ ಮಾಡಿದ ಕ್ಲೀನಿಂಗ್ ಒಂದರಿಂದಲೇ ಬಿರುಕು ಬಿಡಬಹುದು. ಅದು ಯಾಕೆ ಅಂತ ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಹಿತ್ತಾಳೆ ಮನೆಗೆ ವಾಪಸ್ ಬಂದಿದ್ದು

1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ದಾಳಿ ಮಾಡಿತು. ಲೀಗ್ ಆಫ್ ನೇಷನ್ಸ್ ಆರ್ಥಿಕ ನಿರ್ಬಂಧ ಹೇರಿತು. ಮುಸೊಲಿನಿ ಸರ್ಕಾರ ‘ಎಲ್ಲವೂ ಸ್ವದೇಶಿ’ ಅನ್ನುವ ನೀತಿ ಹಿಡಿಯಿತು. ಇಟಲಿಯಲ್ಲಿ ತಾಮ್ರದ ಅದಿರು ಹೇಳಿಕೊಳ್ಳುವಷ್ಟು ಇರಲಿಲ್ಲ, ಅಲ್ಯೂಮಿನಿಯಂಗೆ ಬೇಕಾದ ಬಾಕ್ಸೈಟ್ ಇತ್ತು. ಹಾಗಾಗಿ ಅಲ್ಯೂಮಿನಿಯಂ ‘ರಾಷ್ಟ್ರೀಯ ಲೋಹ’ದ ಪಟ್ಟಕ್ಕೆ ಬಂತು. ವಾಸ್ತುಶಿಲ್ಪಿ ಜಿಯೊ ಪೊಂಟಿ 1930ರ ದಶಕದ ಕೊನೆಗೆ ಮಿಲಾನ್‌ನಲ್ಲಿ ಕಟ್ಟಿದ ಮೊಂಟೆಕಾಟಿನಿ ಕಂಪನಿಯ ಕಚೇರಿಯಲ್ಲಿ ಅಲ್ಯೂಮಿನಿಯಂ ಧಾರಾಳವಾಗಿ ಬಳಕೆಯಾಯಿತು. ಆಮೇಲೆ ಯುದ್ಧ ಬಂತು. ಯುದ್ಧದಲ್ಲಿ ಹಿತ್ತಾಳೆಗೆ ಒಂದೇ ದೊಡ್ಡ ಗಿರಾಕಿ, ಕಾಡತೂಸು.

1943ರ ಆಗಸ್ಟ್‌ನ ಬಾಂಬ್ ದಾಳಿಗಳಲ್ಲಿ ಮಿಲಾನ್ ಬಹಳ ಹಾನಿಗೊಳಗಾಯಿತು. ಯುದ್ಧ ಮುಗಿದ ಮೇಲೆ ಊರನ್ನೇ ಮತ್ತೆ ಕಟ್ಟಬೇಕಾಗಿತ್ತು. ಹೊಸ ಅಪಾರ್ಟ್‌ಮೆಂಟ್ ಅಂದರೆ ಹೊಸ ಬಾಗಿಲು, ಹೊಸ ಹಿಡಿಕೆ, ಹೊಸ ಕೋಟಿನ ಗೂಟ. ಅಂಗಡಿಯಲ್ಲಿ ಮನಸ್ಸಿಗೆ ಬರುವ ಸಾಮಾನು ಸಿಗದೆ, ತಮ್ಮ ಕಟ್ಟಡಗಳಿಗೆ ಬೇಕಾದ್ದನ್ನು ತಾವೇ ಮಾಡಿಸೋಣ ಅಂತ ಲುಯಿಜಿ ಕಾಚ್ಚಾ ಡೊಮಿನಿಯೊನಿ, ಇನ್ಯಾತ್ಸಿಯೊ ಗಾರ್ಡೆಲ್ಲಾ, ಕೊರಾಡೊ ಕೊರಾಡಿ ದೆಲ್ಲಾಕ್ವಾ ಎಂಬ ಮೂವರು ವಾಸ್ತುಶಿಲ್ಪಿಗಳು 1947ರಲ್ಲಿ ‘ಆಜುಚೇನಾ’ ಅನ್ನುವ ಸಂಸ್ಥೆ ಶುರು ಮಾಡಿದರು. ಹೆಸರು ವೆರ್ದಿಯ ಒಂದು ಆಪೆರಾದ ಪಾತ್ರದ್ದು. ದೀಪ, ಹಿಡಿಕೆ, ಕುರ್ಚಿ, ಮೇಜು ಹೀಗೆ ಮನೆಗೆ ಬೇಕಾದ ಎಲ್ಲವನ್ನೂ ಮಾಡಿದರು. ಹಿತ್ತಾಳೆ ಮತ್ತು ಬೀಡುಕಬ್ಬಿಣ ಅವರ ಕೈಗೆ ಒಗ್ಗಿದ ಜೋಡಿ. ಕಾಚ್ಚಾ ಡೊಮಿನಿಯೊನಿಯ 1953ರ ಒಂದು ಮೇಜಿನ ದೀಪದ ಹೆಸರೇ ‘ಬಾಸೆ ಗೀಸಾ’, ಅಂದರೆ ಬೀಡಿನ ತಳ. ಈ ಬೀಡಿನ ತಳವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲ್ಲ ಕೊಡೆ ಸ್ಟ್ಯಾಂಡುಗಳಿಗೂ ಇಂಥ ದೊಡ್ಡ ಹೆಸರುಗಳ ಹಿನ್ನೆಲೆ ಇರಲಿಲ್ಲ. ಹೆಚ್ಚಿನವು ಹೆಸರಿಲ್ಲದ ಸಣ್ಣ ವರ್ಕ್‌ಶಾಪ್‌ಗಳ ಸರಕು. ಉತ್ತರ ಇಟಲಿಯ ಬ್ರೆಶಾ ಪಟ್ಟಣದ ಮೇಲಿನ ಕಣಿವೆಗಳಲ್ಲಿ ಲೋಹದ ಕೆಲಸ ಬಹಳ ಹಳೆಯದು. ಲುಮೆತ್ಸಾನೆ ಅನ್ನುವ ಊರು ಇವತ್ತಿಗೂ ನಲ್ಲಿ, ವಾಲ್ವ್, ಚಮಚಗಳಿಗೆ ಹೆಸರುವಾಸಿ. ಪಕ್ಕದ ಗಾರ್ದೊನೆಯಲ್ಲಿ 1526ರಿಂದ ಬೆರೆಟ್ಟಾ ಮನೆತನ ಬಂದೂಕು ಮಾಡುತ್ತಾ ಬಂದಿದೆ. ಅಡುಗೆಮನೆ ನಲ್ಲಿಯೂ ಬಂದೂಕೂ ಅಕ್ಕಪಕ್ಕದ ಊರಲ್ಲೇ ತಯಾರಾಗುವುದು ಕೇಳೋಕೆ ವಿಚಿತ್ರ. ಲೋಹದ ದೃಷ್ಟಿಯಲ್ಲಿ ಮಾತ್ರ ಅದರಲ್ಲಿ ವಿಚಿತ್ರವೇನೂ ಇಲ್ಲ. ಕೊಡೆ ಸ್ಟ್ಯಾಂಡಿನ ಹಾಳೆಯೂ ಕಾಡತೂಸಿನ ಕೋಶವೂ ಹೆಚ್ಚುಕಮ್ಮಿ ಒಂದೇ ಮಿಶ್ರಲೋಹ: ನೂರಕ್ಕೆ 63ರಿಂದ 70 ಭಾಗ ತಾಮ್ರ, ಉಳಿದದ್ದು ಸತು.

ಬೀಳದೇ ಇರೋದು ಹೇಗೆ

ಮೊದಲು ಸುಲಭದ ಪ್ರಶ್ನೆ. ಕೊಡೆ ಸ್ಟ್ಯಾಂಡು ಕಿರಿದಾಗಿರಬೇಕು, ಯಾಕಂದ್ರೆ ಇಂಗ್ರೆಸ್ಸೊ ಕಿರಿದು. ಎತ್ತರವಾಗಿಯೂ ಇರಬೇಕು, ಇಲ್ಲದಿದ್ದರೆ ಉದ್ದ ಕೊಡೆ ಒಳಗೆ ನಿಲ್ಲುವುದಿಲ್ಲ. ಕಿರಿದು ಮತ್ತು ಎತ್ತರ ಅಂದ ತಕ್ಷಣ ಅದು ಉರುಳಿ ಬೀಳೋ ಸಾಮಾನು ಅಂತ ನಮಗೆ ಗೊತ್ತಾಗಬೇಕು. ಲೆಕ್ಕ ಹಾಕಿ ನೋಡೋಣ. ಅಂಕಿಗಳು ನಾವೇ ಇಟ್ಟುಕೊಂಡವು.

20 ಸೆಂ.ಮೀ. ವ್ಯಾಸ, 50 ಸೆಂ.ಮೀ. ಎತ್ತರದ ಸಿಲಿಂಡರ್. ಗೋಡೆಯೂ ತಳವೂ 1 ಮಿ.ಮೀ. ದಪ್ಪ. ಹಿತ್ತಾಳೆಯ ಸಾಂದ್ರತೆ ಘನ ಸೆಂ.ಮೀ.ಗೆ 8.5 ಗ್ರಾಂ ಅಂತ ಹಿಡಿದರೆ ಒಟ್ಟು ತೂಕ ಸುಮಾರು 2.9 ಕೆ.ಜಿ., ಗುರುತ್ವ ಕೇಂದ್ರ ನೆಲದಿಂದ ಸುಮಾರು 23 ಸೆಂ.ಮೀ. ಮೇಲೆ. ಖಾಲಿ ಇದ್ದಾಗ 24 ಡಿಗ್ರಿ ವಾಲಿಸಿದರೆ ಬೀಳುತ್ತದೆ. ಪರವಾಗಿಲ್ಲ.

ಈಗ ತಲಾ 600 ಗ್ರಾಂನ ಐದು ಒದ್ದೆ ಕೊಡೆ ಇಳಿಬಿಡಿ. ಕೊಡೆಗಳು ಯಾವತ್ತೂ ಶಿಸ್ತಾಗಿ ನಿಲ್ಲುವುದಿಲ್ಲ. ಎಲ್ಲವೂ ಒಂದೇ ಕಡೆ ವಾಲಿವೆ, ತುದಿ ತಳದ ಒಂದು ಅಂಚಿನಲ್ಲಿ, ಮೈ ಎದುರುಗಡೆಯ ಮೇಲಂಚಿನ ಮೇಲೆ. ಕೊಡೆಯ ಭಾರ ತುದಿಯಿಂದ 45 ಸೆಂ.ಮೀ. ದೂರದಲ್ಲಿದೆ ಅಂತಿಟ್ಟುಕೊಳ್ಳಿ. ಒಟ್ಟು ಗುರುತ್ವ ಕೇಂದ್ರ 32 ಸೆಂ.ಮೀ.ಗೆ ಏರುತ್ತದೆ, ನಡುವಿನಿಂದ 3.4 ಸೆಂ.ಮೀ. ಪಕ್ಕಕ್ಕೂ ಸರಿಯುತ್ತದೆ. ಆ ದಿಕ್ಕಿಗೆ 12 ಡಿಗ್ರಿ ವಾಲಿದರೆ ಸಾಕು, ಕಥೆ ಮುಗೀತು. ಮೇಲಂಚಿಗೆ ಸುಮಾರು 8 ನ್ಯೂಟನ್ ಬಲ ಬಿದ್ದರೆ ವಾಲೋಕೆ ಶುರು ಆಗುತ್ತದೆ. ಹಾದುಹೋಗುವವರ ಕೋಟಿನ ಸೆರಗು ಸಿಕ್ಕಿಕೊಂಡರೂ ಅಷ್ಟು ಬಲ ಬರುತ್ತದೆ.

ಪರಿಹಾರ ಎರಡು. ತಳವನ್ನು ಅಗಲ ಮಾಡಬಹುದು. ವ್ಯಾಸ 26 ಸೆಂ.ಮೀ. ಆದರೆ ಕೋನ ಸುಮಾರು 17 ಡಿಗ್ರಿಗೆ ಏರುತ್ತದೆ, ಆದರೆ ದಾರಿಯಲ್ಲಿ ಕಾಲಿಗೆ ಎಡವುತ್ತದೆ. ಇನ್ನೊಂದು ದಾರಿ, ಅಗಲ ಮುಟ್ಟದೆ ತಳದಲ್ಲಿ 4 ಕೆ.ಜಿ.ಯ ಬೀಡಿನ ಬಿಲ್ಲೆ ಕೂರಿಸುವುದು. 20 ಸೆಂ.ಮೀ. ವ್ಯಾಸಕ್ಕೆ ಅದು ಬರೀ 1.8 ಸೆಂ.ಮೀ. ದಪ್ಪ ಆಗುತ್ತದೆ. ಗುರುತ್ವ ಕೇಂದ್ರ 20 ಸೆಂ.ಮೀ.ಗಿಂತ ಕೆಳಗಿಳಿಯುತ್ತದೆ, ಕೋನ 22 ಡಿಗ್ರಿ, ತಳ್ಳೋಕೆ ಬೇಕಾದ ಬಲ 16 ನ್ಯೂಟನ್, ಅಂದರೆ ದುಪ್ಪಟ್ಟು. ಹೊರಗಿನಿಂದ ನೋಡಿದರೆ ಏನೂ ಬದಲಾಗಿಲ್ಲ. ಈ ಕಾಲದ ಸ್ಟ್ಯಾಂಡು, ದೀಪಗಳನ್ನು ಎತ್ತಿದಾಗ ‘ಅಬ್ಬಾ, ಇಷ್ಟು ಭಾರಾನಾ’ ಅನ್ನಿಸುವುದು ಹೆಚ್ಚಾಗಿ ಹಿತ್ತಾಳೆಯಿಂದಲ್ಲ, ಕೆಳಗೆ ಅಡಗಿರುವ ಅಗ್ಗದ ಬೀಡಿನಿಂದ.

ಆದರೆ ಇದಕ್ಕೂ ಒಂದು ಕಂದಾಯ ಕಟ್ಟಬೇಕು. ಬೀಡು ಮತ್ತು ಹಿತ್ತಾಳೆ ಒಂದಕ್ಕೊಂದು ತಾಗಿಕೊಂಡು ನಡುವೆ ಮಳೆನೀರು ನಿಂತರೆ ಅದೊಂದು ಪುಟ್ಟ ಬ್ಯಾಟರಿ. ಕಬ್ಬಿಣ ಆನೋಡ್ ಆಗಿ ತಾನು ಕರಗುತ್ತದೆ. ತಳದ ಸುತ್ತ ಕಂದು ಕಲೆ ಕಂಡರೆ ಹಿತ್ತಾಳೆಯನ್ನು ಬೈಯಬೇಡಿ, ಅದು ಕಬ್ಬಿಣದ ತುಕ್ಕು. ನೀರು ಹಿಡಿಯುವ ತಟ್ಟೆ ಎತ್ತಿ ಚೆಲ್ಲುವ ಹಾಗಿದ್ದರೆ ಅದು ಯೋಚನೆ ಮಾಡಿ ಮಾಡಿದ ಸ್ಟ್ಯಾಂಡು ಅಂತ ನಮ್ಮ ಅಭಿಪ್ರಾಯ. ತಟ್ಟೆಯನ್ನು ಬೆಸೆದುಬಿಟ್ಟಿದ್ದರೆ, ಎಷ್ಟೇ ಚಂದ ಇದ್ದರೂ, ಮಾಡಿದವರು ಮಳೆಯನ್ನು ಮರೆತಿದ್ದಾರೆ.

ಬಡಿತ, ಎಳೆತ, ಬಾಗು

ಈಗ ಅಸಲು ವಿಷಯ. ಹಿತ್ತಾಳೆಯನ್ನೇ ಯಾಕೆ ಆರಿಸಿದರು? ಬಂಗಾರದ ಬಣ್ಣ ಒಂದು ಕಾರಣ, ನಿಜ. ವರ್ಕ್‌ಶಾಪಿನವನಿಗೆ ಅದಕ್ಕಿಂತ ಮುಖ್ಯವಾದದ್ದು ಅದು ಹೇಳಿದ ಮಾತು ಕೇಳುತ್ತದೆ ಅನ್ನೋದು. ಸತುವಿನ ಪಾಲು ಸುಮಾರು 35ರೊಳಗೆ ಇರುವ ತನಕ ಹಿತ್ತಾಳೆಯಲ್ಲಿ ಆಲ್ಫಾ ಎಂಬ ಒಂದೇ ಫೇಸ್. ಪರಮಾಣುಗಳ ಜೋಡಣೆ ತಾಮ್ರದ್ದೇ, ಫೇಸ್ ಸೆಂಟರ್ಡ್ ಕ್ಯೂಬಿಕ್. ಪದರಗಳು ಸಲೀಸಾಗಿ ಜಾರುತ್ತವೆ. ಕಾಯಿಸಿ ಮೆತ್ತಗೆ ಮಾಡಿದ 70-30 ಹಿತ್ತಾಳೆಯನ್ನು ಎಳೆದರೆ, ಮುರಿಯುವ ಮುಂಚೆ ಅದು ತನ್ನ ಅರ್ಧಕ್ಕಿಂತ ಹೆಚ್ಚು ಉದ್ದ ಹಿಗ್ಗುತ್ತದೆ. ಸತು ಇನ್ನೂ ಹೆಚ್ಚಾದರೆ ಬೀಟಾ ಫೇಸ್ ಬರುತ್ತದೆ. ಅದು ಬಿಸಿಯಲ್ಲಿ ಒಳ್ಳೆಯದು, ತಣ್ಣಗಿರುವಾಗ ಮಾತ್ರ ಹಟಮಾರಿ.

ತಿರುಗುವ ಲೇತ್ ಮೇಲೆ ಅಚ್ಚಿಗೆ ಹಾಳೆ ಒತ್ತಿ ತಟ್ಟೆ ಮಾಡುತ್ತಾರೆ, ಇದಕ್ಕೆ ಸ್ಪಿನ್ನಿಂಗ್ ಅನ್ನುತ್ತೇವೆ. ಕೊಳವೆಯನ್ನು ಡೈ ಮೂಲಕ ತಣ್ಣಗೇ ಎಳೆದು ಸಣ್ಣ ಮಾಡುತ್ತಾರೆ. ಬಾಗಿಸುವಾಗ ಕೊಳವೆ ಚಪ್ಪಟೆಯಾಗದಿರಲಿ ಅಂತ ಒಳಗೆ ಮರಳು ತುಂಬುವುದು ಹಳೆಯ ಉಪಾಯ. ಮೇಲಂಚನ್ನು ಸುರುಳಿ ಸುತ್ತುತ್ತಾರೆ, ಕೈಗೆ ಕೊಯ್ಯಬಾರದಲ್ಲ. ಪ್ರತಿ ಹೆಜ್ಜೆಗೂ ಲೋಹ ಗಟ್ಟಿಯಾಗುತ್ತಾ ಹೋಗುತ್ತದೆ. ಡಿಸ್‌ಲೊಕೇಶನ್‌ಗಳು ಒಂದಕ್ಕೊಂದು ಸಿಕ್ಕಿಕೊಂಡು ಟ್ರಾಫಿಕ್ ಜಾಮ್ ಆಗುತ್ತದೆ. ಇನ್ನು ಸಾಧ್ಯವಿಲ್ಲ ಅನ್ನಿಸಿದಾಗ 500 ಡಿಗ್ರಿ ದಾಟಿಸಿ ಕಾಯಿಸಿ ಆರಿಸಿದರೆ, ಅಂದರೆ ಅನೀಲ್ ಮಾಡಿದರೆ, ಮತ್ತೆ ಮೆತ್ತಗೆ.

ಸಮಸ್ಯೆ ಇರುವುದು ಕೊನೆಯ ಹೆಜ್ಜೆಯಲ್ಲಿ. ಕೊನೆಯ ಬಾಗು ಆದ ಮೇಲೆ ಅನೀಲ್ ಮಾಡುವುದಿಲ್ಲ. ಮಾಡಿದರೆ ಸ್ಟ್ಯಾಂಡು ಮೆತ್ತಗಾಗಿ ಕೊಡೆ ತಾಗಿದಲ್ಲೆಲ್ಲ ನೆಗ್ಗುತ್ತದೆ, ಮೆರುಗೂ ಹೋಗುತ್ತದೆ. ಹಾಗಾಗಿ ಆ ಕೊನೆಯ ಬಾಗಿನ ಸ್ಟ್ರೆಸ್ ಲೋಹದ ಒಳಗೇ ಉಳಿದುಬಿಡುತ್ತದೆ. ಇದು ರೆಸಿಡ್ಯುಯಲ್ ಸ್ಟ್ರೆಸ್. ಹೊರಗಿನಿಂದ ಯಾವ ಭಾರವೂ ಇಲ್ಲ, ಒಳಗೆ ಮಾತ್ರ ಹಗ್ಗಜಗ್ಗಾಟ.

ಇಲ್ಲೊಂದು ಸೂಕ್ಷ್ಮ ಇದೆ, ಪರೀಕ್ಷೆಯಲ್ಲಿ ನಾವೂ ತಪ್ಪು ಬರೆದದ್ದಿದೆ. ಬಾಗಿಸಿದ ಕೊಳವೆಯ ಹೊರಮೈಯಲ್ಲಿ ಎಳೆತ ಉಳಿದಿರುತ್ತದೆ ಅಂತ ಅನ್ನಿಸುತ್ತದೆ. ಬಾಗಿಸುವಾಗ ಎಳೆತವೇ ಸರಿ. ಆದರೆ ಕೈಬಿಟ್ಟಾಗ ಕೊಳವೆ ಸ್ವಲ್ಪ ವಾಪಸ್ ಪುಟಿಯುತ್ತದೆ. ಆ ಸ್ಪ್ರಿಂಗ್‌ಬ್ಯಾಕ್ ಆದ ಮೇಲೆ ಹೊರಮೈ ಒತ್ತಡಕ್ಕೆ ಬರುತ್ತದೆ, ಬಾಗಿನ ಒಳಮೈ ಎಳೆತಕ್ಕೆ ಬರುತ್ತದೆ. ಬಿರುಕು ಹುಟ್ಟುವುದು ಎಳೆತದಲ್ಲಿ. ಆದ್ದರಿಂದ ಹಳೆ ಸ್ಟ್ಯಾಂಡಿನಲ್ಲಿ ಬಾಗುಗಳ ಒಳಮಗ್ಗುಲನ್ನು ನೋಡಬೇಕು. ಕೊಳವೆ ಎಳೆದಾಗ ಉಳಿದ ಸ್ಟ್ರೆಸ್ ಬೇರೆ. ಅದು ಹೊರಮೈಯ ಸುತ್ತಳತೆಯ ದಿಕ್ಕಿನಲ್ಲಿ ಎಳೆಯುವುದರಿಂದ ಬಿರುಕು ಕೊಳವೆಯ ಉದ್ದಕ್ಕೆ, ಕೂದಲೆಳೆಯ ಹಾಗೆ ಓಡುತ್ತದೆ.

ಕುದುರೆ ಲಾಯದ ಪಾಠ

ಒಳಗೆ ಸ್ಟ್ರೆಸ್ ಇದ್ದರೆ ಇರಲಿ, ಎಪ್ಪತ್ತು ವರ್ಷ ಏನೂ ಆಗಿಲ್ಲವಲ್ಲ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ನಮ್ಮ ದೇಶಕ್ಕೇ ಬಂದು ನಿಲ್ಲುತ್ತೇವೆ.

ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯಕ್ಕೆ ಮಳೆಗಾಲದಲ್ಲಿ ಕೆಲಸ ಕಡಿಮೆ. ಮದ್ದುಗುಂಡುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಹಿತ್ತಾಳೆ ಕಾಡತೂಸುಗಳು ಬಿರುಕು ಬಿಟ್ಟಿರುತ್ತಿದ್ದವು. ಯಾರೂ ಮುಟ್ಟಿಲ್ಲ, ಬಡಿದಿಲ್ಲ. ಗುಂಡನ್ನು ಹಿಡಿದಿಡೋಕೆ ಕೋಶದ ಬಾಯಿಯನ್ನು ಬಿಗಿಯಾಗಿ ಹಿಸುಕಿರುತ್ತಾರಲ್ಲ, ಅಲ್ಲೇ ಬಿರುಕು. ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಅಂತ ಹೆಸರು ಬಿತ್ತು. ಸರಿಯಾದ ವಿವರಣೆ ಸಿಕ್ಕಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಸಂಶೋಧಕರಿಂದ. ಕಾರಣ ಕುದುರೆ ಗಂಜಲ. ಅದು ಕೊಳೆತು ಬಂದ ಅಮೋನಿಯಾ, ಮಳೆಗಾಲದ ತೇವ, ಲೋಹದ ಒಳಗೆ ಉಳಿದ ಸ್ಟ್ರೆಸ್. ಮೂರೂ ಸೇರಿದರೆ ಬಿರುಕು, ಒಂದು ಕಡಿಮೆ ಆದರೂ ಇಲ್ಲ.

ಪಿಯುಸಿ ಲ್ಯಾಬಿನಲ್ಲಿ ಸಾಲ್ಟ್ ಅನಾಲಿಸಿಸ್ ಮಾಡಿದ್ದು ನೆನಪಿದೆಯಾ? ತಾಮ್ರದ ಲವಣಕ್ಕೆ ಅಮೋನಿಯಂ ಹೈಡ್ರಾಕ್ಸೈಡ್ ಜಾಸ್ತಿ ಹಾಕಿದರೆ ಕಡುನೀಲಿ ಬರುತ್ತಿತ್ತಲ್ಲ, ಅದೇ ಕೆಮಿಸ್ಟ್ರಿ ಇಲ್ಲಿ ನಡೆಯೋದು. ತೇವ ಮತ್ತು ಆಮ್ಲಜನಕದ ಜೊತೆ ಅಮೋನಿಯಾ ತಾಮ್ರವನ್ನು ಕರಗಿಸಿಕೊಂಡು ಹೋಗುತ್ತದೆ. ಎಲ್ಲ ಕಡೆ ಸಮನಾಗಿ ಕರಗಿಸಿದ್ದರೆ ತೊಂದರೆ ಇರಲಿಲ್ಲ. ಎಳೆತದಲ್ಲಿರುವ ಹಿತ್ತಾಳೆಯಲ್ಲಿ ಅದು ಹರಳುಗಳ ನಡುವಿನ ಗಡಿ ಹಿಡಿದು ಒಳಗಿಳಿಯುತ್ತದೆ. ಗೋಡೆಯ ಇಟ್ಟಿಗೆ ಹಾಗೇ ಇದ್ದು ಗಾರೆ ಮಾತ್ರ ಉದುರಿದ ಹಾಗೆ. ತೂಕ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಹೊಳಪೂ ಇರಬಹುದು, ಬಲ ಮಾತ್ರ ಹೋಗಿರುತ್ತದೆ.

ಕಾಡತೂಸಿಗೆ ಪರಿಹಾರ ಸರಳವಾಗಿತ್ತು. ಆಕಾರ ಕೊಟ್ಟ ಮೇಲೆ ಸುಮಾರು 250ರಿಂದ 300 ಡಿಗ್ರಿಗೆ ಸ್ವಲ್ಪ ಹೊತ್ತು ಕಾಯಿಸಿದರೆ ಗಟ್ಟಿತನ ಹೆಚ್ಚು ಕಳೆಯದೆ ಸ್ಟ್ರೆಸ್ ಇಳಿಯುತ್ತದೆ. ಸತು ನೂರಕ್ಕೆ 15ಕ್ಕಿಂತ ಕಡಿಮೆ ಇರುವ ಕೆಂಪು ಹಿತ್ತಾಳೆಗೆ ಈ ಕಾಟ ಅಷ್ಟಾಗಿ ಇಲ್ಲ. ಆದರೆ ಸ್ಟ್ಯಾಂಡಿಗೆ ಬೇಕಾಗಿದ್ದದ್ದು ಹಳದಿ ಬಣ್ಣ, ಅಗ್ಗದ ಬೆಲೆ. ಎರಡೂ ಬರುವುದು ಸತು ಜಾಸ್ತಿ ಹಾಕಿದಾಗ. ಕಾಡತೂಸು ಬಿರಿದರೆ ಸೈನಿಕನ ಜೀವಕ್ಕೆ ಅಪಾಯ ಅಂತ ಕಡ್ಡಾಯ ಮಾಡಿದ ಹೆಜ್ಜೆಯನ್ನು ಕೊಡೆ ಸ್ಟ್ಯಾಂಡಿಗೂ ಎಲ್ಲರೂ ಪಾಲಿಸಿದ್ದಾರೆ ಅಂತ ನಂಬಿ ಕೂರುವ ಹಾಗಿಲ್ಲ.

ಮನೆಯಲ್ಲಿ ಕುದುರೆ ಇಲ್ಲ, ನಿಜ. ಅಮೋನಿಯಾ ಇದೆ. ಕೆಲವು ಲೋಹದ ಪಾಲಿಶ್‌ಗಳಲ್ಲಿ, ಕೆಲವು ಗಾಜು ಒರೆಸುವ ದ್ರವಗಳಲ್ಲಿ, ನೆಲ ತೊಳೆಯುವ ಕೆಲವು ದ್ರಾವಣಗಳಲ್ಲಿ ಅದು ಇರುತ್ತದೆ. ಬಾಗಿಲ ಹತ್ತಿರದ ಸಾಮಾನು ಅಂದ ಮೇಲೆ ಸಾಕುನಾಯಿ, ಬೆಕ್ಕುಗಳನ್ನೂ ಮರೆಯೋ ಹಾಗಿಲ್ಲ, ಅವಕ್ಕೆ ಕಂಬ ಕಂಡರೆ ಏನು ಮಾಡಬೇಕು ಅನ್ನಿಸುತ್ತದೆ ಅಂತ ಗೊತ್ತಲ್ಲ. ಅಂಥ ದ್ರವವನ್ನು ಬಳಿದು, ಸುರುಳಿ ಸುತ್ತಿದ ಅಂಚಿನ ಒಳಗೆ ಹೋಗಿದ್ದನ್ನು ತೊಳೆಯದೆ ಬಿಟ್ಟರೆ, ಲಾಯದಲ್ಲಿ ಸೇರಿದ್ದ ಮೂರೂ ಮತ್ತೆ ಒಂದು ಕಡೆ ಸೇರಿದ ಹಾಗಾಯಿತು.

ಕೊಳ್ಳುವ ಮುಂಚೆ, ತೊಳೆಯುವ ಮುಂಚೆ

ಹಳೆ ಸಾಮಾನಿನ ವಿಷಯದಲ್ಲಿ ನಮ್ಮದು ಹಿತ್ತಾಳೆ ಕಿವಿ ಆಗಬಾರದು. ಮಾರುವವರು ‘ಅಪ್ಪಟ ಹಿತ್ತಾಳೆ’ ಅಂದರೆ ಒಂದು ಮ್ಯಾಗ್ನೆಟ್ ತೆಗೆಯಿರಿ. ಅಂಟಿದರೆ ಅದು ಮುಲಾಮು ಹಾಕಿದ ಉಕ್ಕು. ತಳ ಮಾತ್ರ ಅಂಟಿದರೆ ಗಾಬರಿ ಬೇಡ, ಅಲ್ಲಿ ಬೀಡು ಇರುವುದೇ ನ್ಯಾಯ. ಅಂಟಲಿಲ್ಲ ಅಂತ ಖುಷಿ ಪಡೋದೂ ಬೇಡ, ಸತುವಿನ ಎರಕಕ್ಕೆ ಹಿತ್ತಾಳೆ ಲೇಪ ಕೊಟ್ಟದ್ದೂ ಅಂಟುವುದಿಲ್ಲ. ಬಿಚ್ಚಿ ತೆಗೆಯಬಹುದಾದ ಒಂದು ಗಟ್ಟಿ ಭಾಗ, ಹಿಡಿಯೋ ಗುಂಡೋ, ಸಿಕ್ಕರೆ ಆರ್ಕಿಮಿಡಿಸ್‌ನನ್ನು ಕರೆಯಿರಿ. ಗಾಳಿಯಲ್ಲಿ 850 ಗ್ರಾಂ ತೂಗುವ ಭಾಗವನ್ನು ದಾರದಲ್ಲಿ ಕಟ್ಟಿ ನೀರಲ್ಲಿ ಮುಳುಗಿಸಿ ತೂಗಿದಾಗ ಸುಮಾರು 100 ಗ್ರಾಂ ಕಡಿಮೆಯಾದರೆ ಹಿತ್ತಾಳೆ. 130 ಗ್ರಾಂ ಹತ್ತಿರ ಕಡಿಮೆಯಾದರೆ ಸತುವಿನ ಎರಕ. ಒಳಗೆ ಟೊಳ್ಳಿದ್ದರೆ ಈ ಲೆಕ್ಕ ಕೈಕೊಡುತ್ತದೆ.

ಆಮೇಲೆ ಒಂದು ಭೂತಗನ್ನಡಿ ಹಿಡಿದು ಬಾಗುಗಳ ಒಳಮಗ್ಗುಲು, ಕೊಳವೆಯ ಉದ್ದ, ಸುರುಳಿ ಅಂಚು, ಬಿಗಿದ ತಿರುಪಿನ ಸುತ್ತ ನೋಡಿ. ಕಾರ್ಖಾನೆಗಳಲ್ಲಿ ಹಿತ್ತಾಳೆಯ ಸ್ಟ್ರೆಸ್ ಪರೀಕ್ಷಿಸೋಕೆ ಮರ್ಕ್ಯುರಸ್ ನೈಟ್ರೇಟ್ ದ್ರಾವಣದಲ್ಲಿ ಮುಳುಗಿಸುವ ಪದ್ಧತಿ ಇದೆ. ಅದು ಸ್ಯಾಂಪಲ್ ತುಂಡಿಗೆ ಮಾತ್ರ. ಪಾದರಸದ ವಿಷ ಒಂದು ಕಡೆ, ಪಾಸಾಗದಿದ್ದರೆ ಸಾಮಾನೇ ಇರುವುದಿಲ್ಲ.

ತೊಳೆಯೋದರ ಬಗ್ಗೆ ನಮ್ಮ ಮನೆಗಳ ಅನುಭವ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಅಜ್ಜಿ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಥಳಥಳ ಮಾಡುವುದು ಸರಿಯಾದ ಕೆಮಿಸ್ಟ್ರಿಯೇ. ಹುಳಿ ಕಿಲುಬನ್ನು ಕರಗಿಸುತ್ತದೆ, ತಕ್ಷಣ ತೊಳೆದು ಒರೆಸಿಡುತ್ತಾರೆ. ಚೊಂಬು ದಿನಾ ಬಳಸುವ ಪಾತ್ರೆ, ಅದಕ್ಕೆ ಮೇಲೆ ಲೇಪವಿಲ್ಲ. ಇಟಲಿಯ ಸ್ಟ್ಯಾಂಡುಗಳ ಮೇಲೆ ಹೆಚ್ಚಾಗಿ ಲ್ಯಾಕರ್ ಇರುತ್ತದೆ, ಅಂದರೆ ಪಾರದರ್ಶಕ ವಾರ್ನಿಶ್. ಅದು ಸರಿಯಾಗಿದ್ದರೆ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆ ಸಾಕು, ಪಾಲಿಶ್ ಬೇಡವೇ ಬೇಡ. ಉಜ್ಜಿದರೆ ಲ್ಯಾಕರ್ ಅಲ್ಲಲ್ಲಿ ಹರಿಯುತ್ತದೆ, ಹರಿದಲ್ಲಿ ಮಾತ್ರ ಕಪ್ಪಾಗುತ್ತದೆ, ಚರ್ಮರೋಗ ಬಂದ ಹಾಗೆ ಕಾಣುತ್ತದೆ. ಹುಳಿಯಲ್ಲಿ ರಾತ್ರಿಯಿಡೀ ನೆನೆಸುವುದಂತೂ ಬೇಡ. ಸತು ಕರಗಿ ಹೋಗಿ ಮೇಲ್ಮೈ ಗುಲಾಬಿ ಬಣ್ಣಕ್ಕೆ ತಿರುಗಬಹುದು. ಆ ಗುಲಾಬಿ ಒಂಟಿಯಾಗಿ ಉಳಿದ ತಾಮ್ರದ್ದು.

ಲ್ಯಾಕರ್ ಪೂರ್ತಿ ಕೆಟ್ಟಿದ್ದರೆ ಮೊದಲು ಅದನ್ನು ಅಸಿಟೋನ್‌ನಲ್ಲಿ ತೆಗೆಯಬೇಕು, ಕಿಟಕಿ ತೆಗೆದು, ಹತ್ತಿರ ಬೆಂಕಿ ಇಲ್ಲದೆ. ಆಮೇಲೆ ಅಮೋನಿಯಾ ಇಲ್ಲದ ಪಾಲಿಶ್, ಚೆನ್ನಾಗಿ ತೊಳೆತ, ಮೂಲೆಗಳ ತನಕ ಒಣಗಿಸುವುದು, ಕೊನೆಗೆ ಮೇಣ. ನಮ್ಮನ್ನು ಕೇಳಿದರೆ ಎಲ್ಲವನ್ನೂ ಹೊಸದರ ಹಾಗೆ ಹೊಳೆಸೋದು ಬೇಡ. ಒಳಮೈ ಕಂದಾಗಿಯೇ ಇರಲಿ, ಮಾಡಿದವರ ಉಪಕರಣದ ಗುರುತುಗಳು ಉಳಿದಿರುವುದು ಅಲ್ಲೇ.

1960ರ ದಶಕದ ಹೊತ್ತಿಗೆ ಇಟಲಿಯಲ್ಲೇ ಹಿತ್ತಾಳೆಯ ಕಾಲ ಇಳಿಯತೊಡಗಿತ್ತು. ಕಾಸ್ತಿಲ್ಯೊನಿ ಸಹೋದರರು 1961ರಲ್ಲಿ ‘ಸೆರ್ವೊಪ್ಲೂವಿಯೊ’ ಎಂಬ ಕೊಡೆ ಸ್ಟ್ಯಾಂಡು ರೂಪಿಸಿದರು. ಅದು ಒಂದೇ ಒಂದು ತೆಳ್ಳನೆ ಕಂಬ, ಹಿತ್ತಾಳೆಯ ಠೀವಿ ಇಲ್ಲ. ಮಿಲಾನ್ ಪಾಲಿಟೆಕ್ನಿಕ್‌ನ ಪ್ರೊಫೆಸರ್ ಜೂಲಿಯೊ ನಾಟ್ಟಾ 1954ರಲ್ಲಿ ಪಾಲಿಪ್ರೊಪಿಲೀನ್ ಮಾಡಿ ತೋರಿಸಿದ್ದರು, 1963ರಲ್ಲಿ ಅವರಿಗೆ ನೊಬೆಲ್ ಬಂತು. ಅಷ್ಟರೊಳಗೆ ಇಟಲಿಯ ಬಕೆಟ್, ಬೋಗುಣಿಗಳು ಪ್ಲಾಸ್ಟಿಕ್ ಆಗಿದ್ದವು, ಕೊಡೆ ಸ್ಟ್ಯಾಂಡೂ ಅದೇ ದಾರಿ ಹಿಡಿಯಿತು. ಪ್ಲಾಸ್ಟಿಕ್ಕಿನದು ಕಿಲುಬು ಹಿಡಿಯುವುದಿಲ್ಲ, ಅಮೋನಿಯಾಕ್ಕೆ ಹೆದರುವುದಿಲ್ಲ. ತಳದಲ್ಲಿ ಭಾರ ಇಡದಿದ್ದರೆ ಮಾತ್ರ ಐದು ಒದ್ದೆ ಕೊಡೆಗೆ ಹಿತ್ತಾಳೆಯದಕ್ಕಿಂತ ಬೇಗ ಉರುಳುತ್ತದೆ. ಮೇಲಿನ ಲೆಕ್ಕದಲ್ಲಿ ಸಾಂದ್ರತೆ 0.9 ಹಾಕಿ ನೀವೇ ನೋಡಿ.